ಬೆರಳು ಎಲ್ಲಿತ್ತು

ಮಾರ್ಚ್ ೧೪, ಶನಿವಾರ

ನನ್ನ ಮಗಳೇ,

ಆಸ್ಪತ್ರೆಯ ಪಾಳಿ ಮುಗಿಸಿ, ಮುಖ ತೊಳೆದು, ನಾಲ್ಕು ತುತ್ತು ಉಂಡ ಮೇಲೆಯೇ ಇದನ್ನು ಓದು. ಹಸಿದ ಹೊಟ್ಟೆಗೆ ಹೇಳುವ ಸುದ್ದಿಯಲ್ಲ.

ನಮ್ಮ ಪಟಪಟಿ ನಿರರ್ಗಳವಾಗಿ ಓದುತ್ತಾಳೆಂದು ಹೋದ ವಾರ ನಿನಗೆ ಫೋನಿನಲ್ಲಿ ಹೇಳಿದೆನಲ್ಲ, ಅದು ನಿಜವಲ್ಲ. ನಿನ್ನ ಮಗಳಿಗೆ ಓದಲು ಬರುವುದಿಲ್ಲ. ಅವಳನ್ನು ಇನ್ನೊಂದು ವರ್ಷ ಎರಡನೆಯ ತರಗತಿಯಲ್ಲೇ ಕೂರಿಸುವುದೆಂದು ನಿನ್ನೆ ಶಾಲೆಯಲ್ಲಿ ತೀರ್ಮಾನವಾಯಿತು.

ಮಗುವನ್ನು ನನ್ನಲ್ಲಿ ಬಿಟ್ಟುಹೋಗುವಾಗ, ಓದು ಕಲಿಸುವ ಒಳ್ಳೆಯ ಆ್ಯಪೊಂದನ್ನು ನೀನೇ ಆರಿಸಮ್ಮ, ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು ಎಂದು ನೀನು ಹೇಳಿದ್ದೆ. ಆ ಮಾತಿಗೆ ನಾನು ಉಬ್ಬಿದ್ದೂ ನಿಜ. ಕೆಳಮನೆಯ ಟೈಲರಮ್ಮ ಒಂದೊಂದನ್ನೇ ಫೋನಿಗೆ ಹಾಕಿಕೊಟ್ಟಳು. ಮೊದಲನೆಯದು ಶಂಖವನ್ನು ಸಂಕ ಎಂದಿತು, ತೆಗೆಸಿಬಿಟ್ಟೆ. ಇನ್ನೊಂದರಲ್ಲಿ ಪಾಠಕ್ಕಿಂತ ಚಪ್ಪಾಳೆಯೇ ಹೆಚ್ಚು. ಒಂದು ವೆಬ್‌ಸೈಟಂತೂ ಮೊಲದ ಕಥೆಯನ್ನು ರೈಲು ತಡವಾದ ಪ್ರಕಟಣೆಯಂತೆ ಓದಿತು. ಟೈಲರಮ್ಮ ಬೇಸತ್ತು, ನೀವು ಆ್ಯಪ್ ಹುಡುಕ್ತಿದ್ದೀರೋ ಅಳಿಯನ್ನ ಹುಡುಕ್ತಿದ್ದೀರೋ ಟೀಚರಮ್ಮ ಅಂದಳು.

ಕೊನೆಗೊಂದು ಸಿಕ್ಕಿತು. ಕಣ್ಣು ಮುಚ್ಚಿ ಕೇಳಿ ಒಪ್ಪಿದೆ. ಮಹಾಪ್ರಾಣಗಳು ಸ್ಪಷ್ಟ, ನಿಲ್ಲಬೇಕಾದಲ್ಲಿ ನಿಲುಗಡೆ, ಹೂ ಕಟ್ಟಿದ ಹಾಗೆ ಮಾತು. ಯಾವ ಪದದ ಮೇಲೆ ಬೆರಳಿಟ್ಟರೂ ಅದು ತಾನೇ ಉಚ್ಚರಿಸುತ್ತದೆ. ಪಟಪಟಿ ಶಾಲೆಯಿಂದ ಬಂದವಳೇ ನನ್ನ ಮಗ್ಗುಲಿಗೆ ಒತ್ತಿ ಕೂತು ಕಥೆ ಕೇಳುವಳು. ಆಮೇಲೆ ದನಿ ನಿಲ್ಲಿಸಿ ನೀನು ಓದು ಎಂದರೆ ಒಂದಕ್ಷರವೂ ತಪ್ಪದೆ ಒಪ್ಪಿಸುವಳು. ಅದೇ ವಿರಾಮ, ಅದೇ ಏರಿಳಿತ. ನನಗೆ ಕೇಳಿಯೇ ಹೊಟ್ಟೆ ತುಂಬುತ್ತಿತ್ತು.

ಮುಂದಿನ ತರಗತಿಗೆ ಹೋಗಬೇಕಾದರೆ ಮಗು ಅಚ್ಚಾದ ಪುಟವೊಂದನ್ನು ಓದಬೇಕು. ಅವಳ ತರಗತಿಯ ಮೇಡಂ ಒಂದು ಕಾಲಕ್ಕೆ ನನ್ನ ಕೈಕೆಳಗೆ ಕೆಲಸ ಕಲಿತವಳು. ಅವಳೆದುರು ಬೀಗಬೇಕೆಂಬ ಆಸೆಗೆ ಕರೆಯದಿದ್ದರೂ ಹೋಗಿ ಕೂತೆ. ಮೇಡಂ ಪುಸ್ತಕ ಬಿಡಿಸಿಟ್ಟಳು. ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ಕಾಗದಕ್ಕೆ ಉಗುರು ತಾಗುವ ಸದ್ದು. ಮತ್ತೊಮ್ಮೆ, ಇನ್ನೂ ಗಟ್ಟಿಯಾಗಿ. ನಿನ್ನ ಮಗಳು ನನ್ನ ಸೆರಗು ಜಗ್ಗಿ ಮೆಲ್ಲಗೆ ಕೇಳಿದಳು, ಅಜ್ಜಿ, ಇದು ಯಾಕೆ ಮಾತಾಡ್ತಿಲ್ಲ ಅಂತ.

ಮೇಡಂ ನಗಲಿಲ್ಲ, ನಕ್ಕಿದ್ದರೆ ಸಹಿಸುತ್ತಿದ್ದೆ. ಮಗುವಿನ ಬಾಯನ್ನು ನಂಬಬೇಡ, ಬೆರಳನ್ನು ನೋಡು ಅಂತ ನನಗೆ ಹೇಳಿಕೊಟ್ಟವರು ನೀವೇ ಮೇಡಂ, ಇವಳು ಮನೇಲಿ ಓದುವಾಗ ಬೆರಳು ಎಲ್ಲಿತ್ತು ಅಂತ ನೀವು ನೋಡಲಿಲ್ವಾ ಅಂದಳು. ನಾನು ಮಗುವಿನ ಕೈ ಹಿಡಿದು ಎದ್ದೆ.

ದಾರಿಯುದ್ದಕ್ಕೂ ಪಟಪಟಿ ನನ್ನ ಕೈ ಬಿಡಲಿಲ್ಲ. ಅಮ್ಮಂಗೆ ಹೇಳ್ಬೇಡ ಅಜ್ಜಿ, ಅವಳು ಡ್ಯೂಟೀಲಿ ಅಳ್ತಾಳೆ ಅಂದಳು. ಈಗ ಫೋನನ್ನು ದಿಂಬಿನಡಿ ಇಟ್ಟು ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ.

ಬಂದು ಅವಳನ್ನು ಕರೆದುಕೊಂಡು ಹೋಗು. ನಾನು ಕಲಿಸುತ್ತೇನೆಂದು ಇನ್ನು ಹೇಳಲಾರೆ.

ನಿನ್ನ
ಅಮ್ಮ

ಮತ್ತೆ: ಸಾಲುಗಳು ಒಂದರ ಮೇಲೊಂದು ಹತ್ತಿದ್ದರೆ ಬೇಸರಿಸಬೇಡ. ಅಡಿಗೋಲನ್ನು ಕೆಳಕ್ಕೆ ಸರಿಸುತ್ತ ಕೈಯ ಅಂದಾಜಿನಲ್ಲಿ ಬರೆದಿದ್ದೇನೆ. ನೀನು ಮಗುವನ್ನು ಬಿಟ್ಟುಹೋಗುವ ಮೊದಲೇ ಅಕ್ಷರಗಳು ನನಗೆ ಬರಿಯ ಮಸಿಯ ಕಲೆಗಳಾಗಿದ್ದವು. ಇನ್ನು ತಿಳಿಯಾಗುವುದಿಲ್ಲವೆಂದು ಕಣ್ಣಿನ ವೈದ್ಯರು ಆಗಲೇ ಹೇಳಿದ್ದರು. ನಿನಗೆ ಹೇಳಿದ್ದರೆ ನೀನು ಅವಳನ್ನು ನನ್ನಲ್ಲಿ ಬಿಡುತ್ತಿರಲಿಲ್ಲ. ಬರೆದದ್ದನ್ನು ತಿರುಗಿ ಓದದೆ ಕೈಬಿಟ್ಟವಳಲ್ಲ ನಾನು. ಈ ಸಲ ಆಗಲಿಲ್ಲ, ತಪ್ಪಿದ್ದರೆ ನೀನೇ ತಿದ್ದಿಕೋ. ಈ ಮನೆಯಲ್ಲಿ ನಾವು ಇಬ್ಬರಿದ್ದೇವೆ. ಓದಬಲ್ಲವರು ಯಾರೂ ಇಲ್ಲ.