ಅಂಗಡಿಯದಲ್ಲದ ಶರ್ಟು

ಭಾನುವಾರ, 9 ಫೆಬ್ರವರಿ 2025

ಸಿಟ್ಟು ಇನ್ನೂ ಇಳಿದಿಲ್ಲ.

ಭದ್ರಾವತಿಯಲ್ಲಿ ನಾದಿನಿಯ ಮನೆಯ ಗೃಹಪ್ರವೇಶಕ್ಕೆ ನಾನೇ ಹೊಲಿದ ಶರ್ಟು ಹಾಕಿಕೊಂಡು ಹೋಗಿದ್ದೆ. ನಾಲ್ಕು ಭಾನುವಾರಗಳ ಕೆಲಸ ಅದು. ಕಾಲರನ್ನೇ ಮೂರು ಸಲ ಬಿಚ್ಚಿ ಹೊಲಿದಿದ್ದೆ. ಷಡ್ಡಕ ಗಣೇಶ ಮುಟ್ಟಿ ನೋಡಿ, "ಭಾರಿ ಚೆನ್ನಾಗಿದೆಯಲ್ಲೋ ಮಾರಾಯ, ಎಲ್ಲಿ ತಗೊಂಡೆ?" ಎಂದ. ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಹೆಂಡತಿ ವಿದ್ಯಾ, "ಶಿವಮೊಗ್ಗದಲ್ಲೇ, ಗಾಂಧಿ ಬಜಾರಲ್ಲಿ" ಎಂದುಬಿಟ್ಟಳು.

ವಾಪಸ್ ಬರುವಾಗ ಮಾಚೇನಹಳ್ಳಿ ಹತ್ತಿರ ಬೈಕ್ ನಿಲ್ಲಿಸಿ, ಸುಳ್ಳು ಯಾಕೆ ಹೇಳಿದೆ ಎಂದು ಕೇಳಿದೆ.

"ಗಂಡ ಮನೇಲಿ ಬಟ್ಟೆ ಹೊಲೀತಾರೆ ಅಂತ ಹೇಳ್ಕೊಳ್ಳೋಕೆ ನಾಚಿಕೆ ಆಗುತ್ತೆ ಕಣ್ರೀ."

ಅವಳು ತೊಟ್ಟಿದ್ದ ಬ್ಲೌಸ್ ಕೂಡ ನಾನು ಹೊಲಿದದ್ದೇ! ಅದನ್ನು ತೊಡುವುದಕ್ಕೆ ನಾಚಿಕೆಯಿಲ್ಲವೇ? ವಾರದಲ್ಲಿ ಆರು ದಿನ ಫ್ಯಾಕ್ಟರಿಯಲ್ಲಿ ಬೇರೆಯವರು ಕೊಟ್ಟ ಅಳತೆಗೆ ಕಬ್ಬಿಣ ಕೊರೆಯುತ್ತೇನೆ. ನನ್ನ ಅಳತೆಗೆ ನಾನು ಮಾಡಿಕೊಳ್ಳುವುದು ಇದೊಂದೇ.

ಮನೆಗೆ ಬಂದವನೇ ಗಣೇಶನಿಗೆ ಫೋನ್ ಮಾಡಿ, "ಆ ಶರ್ಟು ಹೊಲಿದಿದ್ದು ನಾನೇ ಕಣೋ" ಎಂದೆ. ಅವನು ಜೋರಾಗಿ ನಕ್ಕ. "ಕಾಲೆಳೀಬೇಡ ಮಾರಾಯ!" ಎಷ್ಟು ಹೇಳಿದರೂ ನಂಬಲಿಲ್ಲ.

ಫೋನಿಟ್ಟು ತಿರುಗಿದರೆ ವಿದ್ಯಾ ಬಾಗಿಲಲ್ಲೇ ನಿಂತಿದ್ದಳು. ಅವನು ನಂಬಲಿಲ್ಲವೆಂದು ತಿಳಿದು ನೆಮ್ಮದಿಯ ಉಸಿರು ಬಿಟ್ಟಳು. ಅದಕ್ಕಿಂತ ಅವಳು ನನ್ನನ್ನು ಬಾಯಿಗೆ ಬಂದಂತೆ ಬೈದಿದ್ದರೇ ಚೆನ್ನಾಗಿತ್ತು.