ಏಳನೇ ತರಗತಿಯ ಹುಡುಗಿಯ ಮೇಲೆ ಹೊಟ್ಟೆಕಿಚ್ಚು

ಮನೆಯ ಊಟದ ಮೇಜಿನಿಂದ,
ಮಾರ್ಚ್ ಒಂಬತ್ತು, ಭಾನುವಾರ ಮಧ್ಯಾಹ್ನ

ನನ್ನ ಮುಂಗೋಪದ ಅಮ್ಮನಿಗೆ,

ಮಂಡಿ ಹೇಗಿದೆ? ಆಪರೇಷನ್ ಆಗಿ ಐದು ವಾರವಾಯಿತು, ಆಗಲೇ ವಾಕರ್ ಬಿಟ್ಟು ನಡೆಯುತ್ತೇನೆಂದು ಹಠ ಹಿಡಿದಿದ್ದೀಯಂತೆ. ವ್ಯಾಯಾಮ ಮಾಡಿಸಲು ಬರುವವಳನ್ನೂ ಬೈದು ಕಳಿಸಿದೆಯಂತೆ. ಅವಳು ಕಾಲು ಬಗ್ಗಿಸುವುದು ನಿನ್ನ ಒಳ್ಳೆಯದಕ್ಕೇ, ಸ್ವಲ್ಪ ಸಹಿಸಿಕೋ ತಾಯಿ. ಫೋನ್ ಮಾಡಿದರೆ ಅರ್ಧ ನಿನಗೆ ಕೇಳಿಸುವುದಿಲ್ಲ, ಶ್ರವಣಯಂತ್ರವನ್ನು ಒಡವೆಯ ಹಾಗೆ ಡಬ್ಬಿಯಲ್ಲಿಟ್ಟಿದ್ದೀಯ. ಇನ್ನರ್ಧ ಪಕ್ಕದಲ್ಲಿ ಕೂತ ಚಿಕ್ಕಮ್ಮನಿಗೆ ಕೇಳಿಸುತ್ತದೆ. ಅದಕ್ಕೇ ಕಾಗದ. ಇಲ್ಲಿ ನಾವು ಚೆನ್ನಾಗಿದ್ದೇವೆ. ನಿನ್ನ ಅಳಿಯ ಅಡುಗೆಮನೆಯ ನಲ್ಲಿಯನ್ನು ತಾವೇ ರಿಪೇರಿ ಮಾಡಿದರು. ಮೊದಲು ಒಂದು ಕಡೆ ಸೋರುತ್ತಿತ್ತು, ಈಗ ಎರಡು ಕಡೆ.

ಶಾಲೆಯ ಸುದ್ದಿಯೊಂದಿದೆ. ಓದಿದರೆ ನನ್ನ ಮೇಲೆ ನಿನಗೆ ಬೇಸರವಾಗಬಹುದು, ಆದರೂ ಓದು. ನನ್ನ ಗಣಿತದ ತರಗತಿಯಲ್ಲಿ, ಕಿಟಕಿಯ ಪಕ್ಕದ ಎರಡನೇ ಬೆಂಚಿನಲ್ಲಿ ಕೂರುವ ಹುಡುಗಿಯ ಅಕ್ಕ ಜನವರಿಯಲ್ಲಿ ತೀರಿಕೊಂಡಳು. ಹತ್ತನೇ ತರಗತಿಯವಳು, ಸೈಕಲ್ಲಿಗೆ ಲಾರಿ ಬಡಿಯಿತು. ತಂಗಿ ಶಾಲೆಗೆ ಮರಳುವ ಮುಂಚಿನ ದಿನ ಆಪ್ತಸಮಾಲೋಚಕಿ ನಮ್ಮನ್ನೆಲ್ಲ ಸ್ಟಾಫ್ ರೂಮಿನಲ್ಲಿ ಕೂರಿಸಿದರು. ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ಮಗುವಿಗೆ ಧೈರ್ಯ ತಂದುಕೋ ಎನ್ನಬೇಡಿ, ಅಕ್ಕನ ಹೆಸರನ್ನು ನುಂಗಬೇಡಿ, ಹೋಮ್‌ವರ್ಕ್ ತಡವಾದರೆ ಗದರಬೇಡಿ ಎಂದರು. ಅವಳಿಗೊಂದು ಹಳದಿ ಚೀಟಿ ಕೊಡುತ್ತೇವೆ, ಅದನ್ನು ಎತ್ತಿ ತೋರಿಸಿದರೆ ಕಾರಣ ಕೇಳದೆ ಹೊರಗೆ ಬಿಡಿ ಎಂದರು. ಎಲ್ಲರೂ ಕಣ್ಣೊರೆಸಿಕೊಂಡರು. ನನಗೆ ಹೊಟ್ಟೆ ಉರಿಯಿತು ಅಮ್ಮಾ. ನಿಜವಾಗಿ ಉರಿಯಿತು. ಅಕ್ಕನನ್ನು ಕಳೆದುಕೊಂಡ ಹನ್ನೆರಡರ ಮಗುವಿನ ಮೇಲೆ ನಲವತ್ತೆಂಟರ ಹೆಂಗಸಿಗೆ ಹೊಟ್ಟೆಕಿಚ್ಚು!

ತಮ್ಮ ಡುಮ್ಮ ತೀರಿಕೊಂಡಾಗ ನನಗೆ ಒಂಬತ್ತು. ಐದನೇ ದಿನ ಶಾಲೆಗೆ ಹೋದೆ. ಟೀಚರ್ ನನ್ನನ್ನು ಬೋರ್ಡಿನ ಪಕ್ಕಕ್ಕೆ ಕರೆದು, "ನೀನು ಅತ್ರೆ ನಿಮ್ಮಮ್ಮ ಇನ್ನೂ ಕುಸೀತಾರೆ, ನೀನು ಜಾಣೆ ಅಲ್ವಾ?" ಎಂದರು. ಜಾಣೆಯಾದೆ. ಅವತ್ತು ಬೆಳಿಗ್ಗೆ ನೀನು ಅಭ್ಯಾಸಬಲದಿಂದ ಎರಡು ಊಟದ ಡಬ್ಬಿ ತುಂಬಿ, ಸ್ವಲ್ಪ ಹೊತ್ತು ನಿಂತು, ಒಂದನ್ನು ಪಾತ್ರೆಗೆ ಸುರಿದದ್ದನ್ನು ಬಾಗಿಲ ಸಂದಿಯಿಂದ ನೋಡಿದ್ದೆ. ಅದನ್ನೂ ಯಾರಿಗೂ ಹೇಳಲಿಲ್ಲ. ನನಗೆ ಯಾರು ಚೀಟಿ ಕೊಟ್ಟರು ಹೇಳು?

ಹೀಗಾಗಿ ಆ ಹುಡುಗಿ ಏನು ಮಾಡಿದರೂ ನನಗೆ ನಾಟಕವೆನ್ನಿಸತೊಡಗಿತು. ಪಿ.ಟಿ. ಮೇಷ್ಟ್ರು ಅವಳ ತಲೆ ಸವರಿದರೆ ಸಿಟ್ಟು, ಲೈಬ್ರರಿಯವರು ಪಕ್ಕದಲ್ಲಿ ಕೂರಿಸಿಕೊಂಡರೆ ಸಿಟ್ಟು. ಒಂದು ಮಂಗಳವಾರ ಭಿನ್ನರಾಶಿ ಹೇಳಿಕೊಡುತ್ತಿದ್ದಾಗ ಅವಳು ಚೀಟಿ ಎತ್ತಿದಳು. "ಕಷ್ಟ ಎಲ್ಲರಿಗೂ ಇರುತ್ತೆ. ಕೂತ್ಕೋ" ಎಂದುಬಿಟ್ಟೆ. ಕೂತಳು. ಮರುದಿನ ನಾನು ಹೋಗುವಷ್ಟರಲ್ಲಿ ಚೀಟಿ ನನ್ನ ಮೇಜಿನ ಮೇಲಿತ್ತು. ಎರಡು ವಾರ ಅವಳು ಯಾವ ತರಗತಿಯಿಂದಲೂ ಎದ್ದು ಹೋಗಲಿಲ್ಲ. ಎಷ್ಟು ಸುಧಾರಿಸಿದ್ದಾಳೆ ನೋಡಿ ಎಂದು ಸಮಾಲೋಚಕಿ ಹಿಗ್ಗಿದರು. ನಾನೂ ಒಳಗೊಳಗೇ ಗೆದ್ದೆನೆಂದುಕೊಂಡೆ.

ಮೊನ್ನೆ ಗುರುವಾರ ಅವಳ ಟೆಸ್ಟ್ ಪೇಪರ್ ತಿದ್ದಿದೆ. ಲೆಕ್ಕ ಮಾಡಿದ ಕ್ರಮ ಸರಿ, ಬೋರ್ಡಿನಿಂದ ಇಳಿಸಿಕೊಂಡ ಅಂಕಿಗಳೇ ತಪ್ಪು. ಎಂಟಿದ್ದಲ್ಲಿ ಆರು, ಐದಿದ್ದಲ್ಲಿ ಮೂರು. ಉಡಾಫೆಯೆಂದು ಶಾಲೆ ಬಿಟ್ಟ ಮೇಲೆ ನಿಲ್ಲಿಸಿಕೊಂಡೆ. "ಬೋರ್ಡ್ ನೋಡಿ ಬರೆಯೋಕೂ ಬರಲ್ವಾ ನಿನಗೆ?" ಎಂದೆ. ಅವಳು ಬ್ಯಾಗಿನ ತಳದಿಂದ ಕನ್ನಡಕದ ಪೆಟ್ಟಿಗೆ ತೆಗೆದಳು. "ಅವತ್ತು ಇದನ್ನ ಮರೆತು ಬಂದಿದ್ದೆ ಮಿಸ್. ಅಕ್ಕ ತರ್ತೀನಿ ಅಂತ ಸೈಕಲ್ ತಿರುಗಿಸಿದ್ಲು. ಹಾಕ್ಕೊಂಡ್ರೆ ಅಮ್ಮಂಗೆ ಅದೇ ನೆನಪಾಗುತ್ತೆ." ಆಮೇಲೆ ನೆಲ ನೋಡುತ್ತಾ ಕೇಳಿದಳು: "ನನ್ನಿಂದಾನೇ ಅಲ್ವಾ ಮಿಸ್?"

ಸಮಾಲೋಚಕಿ ಹೇಳಿಕೊಟ್ಟ ಒಂದು ಮಾತೂ ನೆನಪಾಗಲಿಲ್ಲ. "ಅಲ್ಲ, ಕನ್ನಡಕ ಮರೆಯೋದು ತಪ್ಪಲ್ಲ" ಎಂದೆ. ಅವಳು ನಂಬಲಿಲ್ಲ. ಕುರ್ಚಿ ಎಳೆದುಕೊಂಡು ಅವಳ ಬೆಂಚಿನ ಎದುರು ಕೂತು, "ನಂಗೂ ಒಬ್ಬ ತಮ್ಮ ಇದ್ದ" ಎಂದೆ. ಶಾಲೆಯಲ್ಲಿ ಇಷ್ಟು ವರ್ಷದಲ್ಲಿ ಯಾರ ಮುಂದೆಯೂ ಆಡದ ಮಾತು. "ಏನಂತ ಕರೀತಿದ್ರಿ?" ಅಂದಳು. ಡುಮ್ಮ ಎಂದೆ. "ದಪ್ಪಗಿದ್ನಾ?" "ಇಲ್ಲ ಕಣೇ, ಕಡ್ಡಿ ಥರ ಇದ್ದ." ಅವಳಿಗೆ ನಗು ಬಂತು. ನನಗೂ ಬಂತು, ನಗು ಅಳುವಾಯಿತು, ಕಸ ಗುಡಿಸಲು ಬಂದ ಆಯಾ ಬಾಗಿಲಲ್ಲೇ ವಾಪಸಾದಳು. ಚೀಟಿಯನ್ನು ಅವಳ ಕೈಗೆ ಕೊಟ್ಟು, ಅವತ್ತು ತಪ್ಪು ನನ್ನದು ಎಂದೆ. ಅವಳ ಅಮ್ಮನಿಗೆ ಹೇಳಲೇ ಎಂದು ಕೇಳಿದೆ, ಹೂಂ ಎಂದು ತಲೆಯಾಡಿಸಿದಳು. ಅವತ್ತು ಸಂಜೆಯೇ ಫೋನ್ ಮಾಡಿ ಹೇಳಿದೆ. ಸಮಾಲೋಚಕಿಗೂ ಎಲ್ಲ ಒಪ್ಪಿಸಿದೆ. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

ಶುಕ್ರವಾರ ಗೇಟಿನ ಬಳಿ ಆ ತಾಯಿ ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, "ನಿನ್ನಿಂದ ಅಲ್ಲ, ನಿನ್ನಿಂದ ಅಲ್ಲ ಕಂದ" ಎನ್ನುತ್ತಾ ತಾನೇ ಕನ್ನಡಕ ಹಾಕಿದಳು. ಸೆರಗಿನಿಂದ ಗಾಜು ಒರೆಸಿ, ಮತ್ತೆ ಹಾಕಿದಳು. ನಾನು ಸಂತೋಷಪಡಬೇಕಿತ್ತು, ಪಟ್ಟೆ. ಆದರೆ ಸುಳ್ಳು ಹೇಳುವುದಿಲ್ಲ, ಅದಕ್ಕಿಂತ ಮೊದಲು ಮತ್ತದೇ ಉರಿ ಎದ್ದಿತು, ಮೊದಲಿಗಿಂತ ಜೋರಾಗಿ.

ಚಿಕ್ಕಮ್ಮನಿಗೆ ನನ್ನ ನಮಸ್ಕಾರ. ಮೆಟ್ಟಿಲ ಹತ್ತಿರ ಹೋಗಬೇಡ. ಮುಂದಿನ ತಿಂಗಳು ಬಂದು ಕರೆತರುತ್ತೇನೆ, ನಿನ್ನ ಕೋಣೆಯ ಮಂಚವನ್ನು ಎತ್ತರ ಮಾಡಿಸಿದ್ದೇನೆ.

ನಿನ್ನ,
ದೊಡ್ಡವಳು

ಮರೆತ ಮಾತು: ಮರೆತಿಲ್ಲ, ಬರೆಯಲು ಧೈರ್ಯ ಸಾಲದೆ ಇಲ್ಲಿಯವರೆಗೆ ತಳ್ಳಿದೆ. ಆ ವರ್ಷ ಶಾಲೆಯಿಂದ ಜ್ವರ ತಂದವಳು ನಾನು. ಅವನ ಜೊತೆ ಒಂದೇ ಹೊದಿಕೆಯಲ್ಲಿ ಮಲಗಬೇಡ ಎಂದು ನೀನು ಹೇಳಿದ್ದೆ, ಅವನು ಕರೆದನೆಂದು ನಾನು ಹೋಗಿ ಮಲಗಿದೆ. ನನಗೆ ವಾಸಿಯಾಯಿತು. ಮೂವತ್ತೊಂಬತ್ತು ವರ್ಷದಲ್ಲಿ ನೀನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನನ್ನಿಂದಲೇನಾ ಅಮ್ಮಾ? ಹೌದಾದರೆ ಹೌದೆಂದೇ ಬರೆ. ಚಿಕ್ಕಮ್ಮನ ಕೈಲಿ ಬರೆಸಬೇಡ.