ಗಂಗತ್ತೆ ಬೇಲಿ ದಾಟಿಸಿದ ಚೆಂಡು

ಬಾಗೂರು, ಹೊಸದುರ್ಗ ತಾಲ್ಲೂಕು
೧೭ ಫೆಬ್ರವರಿ ೨೦೨೫

ನನ್ನ ಚಿನ್ನ ಸುಷ್ಮಿತಾ,

ನಿಮ್ಮ ಹಾಸ್ಟೆಲಿನಲ್ಲಿ ಫೋನ್ ಕೊಡುವುದಿಲ್ಲ, ಭೇಟಿಯ ದಿನದವರೆಗೆ ಕಾಯಲು ನನ್ನಿಂದಾಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಾವು ಗೆದ್ದೆವು ಕಣೇ! ಗೆಲ್ಲಿಸಿದವಳು ನಿನ್ನ ಗಂಗತ್ತೆ!

ಗಂಡನ ಮನೆ ಬಿಟ್ಟು ಬಂದ ಮೇಲೆ ಅವಳು ಹೇಗಿದ್ದಳೆಂದು ನೀನೇ ನೋಡಿದ್ದೀಯ. ಗಂಡ ಅನ್ನಿಸಿಕೊಂಡ ರಂಗೇಶ್ ಮಾವ "ನಿನ್ ಕೈಲಿ ಏನೂ ಆಗಲ್ಲ" ಅಂದದ್ದನ್ನೇ ನಂಬಿ ಮೂಲೆ ಹಿಡಿದಿದ್ದಳು. ಹೊಲಕ್ಕೆ ನುಗ್ಗುವ ಕುರಿಗೆ ಅಡ್ಡವಾಗಿ ಅವಳು ಕಲ್ಲೆಸೆಯುವ ಗುರಿ ನೋಡಿ, ಹೊಸದುರ್ಗದ ನಮ್ಮ ಹೆಂಗಸರ ಬೇಸ್‌ಬಾಲ್ ತಂಡಕ್ಕೆ ನಾನೇ ಎಳೆದುಕೊಂಡು ಹೋದೆ. "ಗಂಡ ಬಿಟ್ಟೋಳು ಪ್ಯಾಂಟ್ ಹಾಕ್ಕಂಡು ಓಡಿದ್ರೆ ಊರೋರು ಏನಂತಾರೆ?" ಎಂದು ನಿಮ್ಮಜ್ಜಿ ನನ್ನೊಂದಿಗೆ ಮಾತು ಬಿಟ್ಟಿದ್ದರು. ನಿನ್ನೆ ಚಿತ್ರದುರ್ಗದ ಫೈನಲ್‌ಗೆ ಮಾತ್ರ ಎಲ್ಲರಿಗಿಂತ ಮೊದಲು ಬಸ್ಸು ಹತ್ತಿ ಕೂತಿದ್ದರು!

ಹಿರಿಯೂರಿನವರು ಎರಡು ರನ್ ಮುಂದಿದ್ದರು. ಕೊನೆಯ ಇನ್ನಿಂಗ್ಸ್. ನಮ್ಮಲ್ಲಿ ಇನ್ನೊಬ್ಬರು ಔಟಾದರೆ ಆಟವೇ ಮುಗಿಯಿತು. ನಮ್ಮ ತಂಡದ ಪ್ರೀತಿ ಓಟದ ಸುತ್ತಿನ ಎರಡನೇ ಬೇಸಿನಲ್ಲಿ, ನಾನು ಮೊದಲನೆಯದರಲ್ಲಿ. ಬ್ಯಾಟ್ ಹಿಡಿದವಳು ಗಂಗಾ. ಎರಡು ಸಲ ಬೀಸಿದಳು, ಎರಡೂ ಗಾಳಿಗೆ. ಮೂರನೆಯದೂ ತಪ್ಪಿದರೆ ಔಟ್. ಅವಳ ಮುಖ ಬಾಡಿಹೋಗಿತ್ತು. ಆಗ ಗ್ಯಾಲರಿಯಲ್ಲಿ ನಿಮ್ಮಜ್ಜಿ ಎದ್ದುನಿಂತು ಕೂಗಿದರು: "ಲೇ ಗಂಗಾ, ಹಟ್ಟಿಗೆ ತೋಳ ನುಗ್ಗೈತೆ ಅಂತ ತಿಳ್ಕಂಡು ಬೀಸೇ!"

ಬೀಸಿದಳು. ಠಣ್ಣೆಂದಿತು! ಚೆಂಡು ಮೇಲೆ, ಇನ್ನೂ ಮೇಲೆ ಹೋಗಿ, ಬೇಲಿ ದಾಟಿ, ಆಚೆಯ ಬೇವಿನ ಮರವನ್ನೂ ದಾಟಿ ರಸ್ತೆಗೆ ಬಿತ್ತು! ಬೇಲಿ ದಾಟಿದ ಮೇಲೆ ನಾವು ಮೂವರೂ ಸುತ್ತು ಮುಗಿಸಿ ಬಂದರೆ ಮೂರು ರನ್, ಗೆಲುವು ನಮ್ಮದು. ನಿನ್ನಮ್ಮ ಏನು ಮಾಡಿದಳು ಗೊತ್ತಾ? ಬಾಯಿ ಬಿಟ್ಟುಕೊಂಡು ಚೆಂಡು ಹೋದ ದಿಕ್ಕನ್ನೇ ನೋಡುತ್ತ ದಾರಿಯಲ್ಲೇ ನಿಂತುಬಿಟ್ಟಳು! ಹಿಂದೆ ಬರುವವಳು ನನ್ನನ್ನು ದಾಟಿದರೆ ಅವಳೇ ಔಟ್. ಗಂಗಾ ತಲೆ ತಗ್ಗಿಸಿಕೊಂಡು ಓಡಿ ಬರುತ್ತಿದ್ದಳು. ಕೋಚ್ ಪರಮೇಶ್ ಸರ್ ಕಿರುಚಿದ್ದು ನನಗೆ ಕೇಳಲೇ ಇಲ್ಲ. ನನ್ನ ಬೆನ್ನಿಗೆ ಬಂದವಳು ಗಕ್ಕನೆ ನಿಂತು, "ಅತ್ತಿಗೆ, ಆಮೇಲೆ ನೋಡೀರಂತೆ, ಮುಂದಕ್ಕೆ ಓಡ್ರಿ!" ಎಂದಳು.

ಓಡಿದೆ ಕಣೇ, ಅಳುತ್ತ, ನಗುತ್ತ. ಸುತ್ತಿನ ಕೊನೆಯ ಹೋಮ್ ಬೇಸ್ ಮುಟ್ಟಿ ತಿರುಗಿದರೆ, ಹಿಂದೆಯೇ ಬಂದು ಮುಟ್ಟಿದ ಗಂಗಾ ಹಲ್ಲೆಲ್ಲ ಕಾಣುವಂತೆ ನಗುತ್ತಿದ್ದಳು. ಯಾರು ತಡೆದರೂ ಕೇಳದೆ ನಿಮ್ಮಜ್ಜಿ ಮೈದಾನಕ್ಕೇ ಬಂದು ಮಗಳಿಗೆ ನೆಟಿಕೆ ಮುರಿದು ದೃಷ್ಟಿ ತೆಗೆದರು. ಹಿರಿಯೂರಿನ ಹುಡುಗಿಯರನ್ನೂ ಬಿಡಲಿಲ್ಲ: "ನೋಡ್ರಮ್ಮ, ಇವ್ಳು ನನ್ ಮಗಳು!"

ಕೂಗಿ ಕೂಗಿ ನನ್ನ ಗಂಟಲು ಇನ್ನೂ ಬಿದ್ದೇ ಇದೆ. ಚೆನ್ನಾಗಿ ಊಟ ಮಾಡು.

ನಿನ್ನ ಹುಚ್ಚಮ್ಮ,
ಸುಪ್ರಿಯಾ

ಮರೆತಿದ್ದೆ: ಪಂದ್ಯದ ವಿಡಿಯೊ ನೋಡಿ ಇವತ್ತು ಬೆಳಿಗ್ಗೆ ರಂಗೇಶ್ ಮಾವ ಗಂಗಾಳಿಗೆ ಫೋನ್ ಮಾಡಿ, ಮನೆಗೆ ವಾಪಸ್ ಬಾ ಎಂದರು. ಗಂಗಾ ರೊಟ್ಟಿ ಬಡಿಯುತ್ತಲೇ, "ಬರಾಕಾಗಲ್ಲ. ಮುಂದಿನ ವಾರದಿಂದ ಹೊಳಲ್ಕೆರೆ ಹೆಣ್ಮಕ್ಕಳಿಗೆ ಆಟ ಕಲಿಸಾಕೆ ಒಪ್ಕಂಡಿದೀನಿ" ಎಂದು ಫೋನ್ ಇಟ್ಟಳು. ಅವಳು ಕಲಿಸಲು ಒಪ್ಪಿದ್ದು ನಮಗೆಲ್ಲ ಗೊತ್ತಾದದ್ದೂ ಆಗಲೇ.